ಕಸ ಎಸೆಯುವವರ ಛಾಯಾಗ್ರಾಹಕಿ

ನಮ್ಮ ಸೋದರತ್ತೆ ನೂರಾರು ಜನರ ಫೋಟೊ ತೆಗೆದಿದ್ದಾರೆ. ಅವರಲ್ಲಿ ಒಬ್ಬರೂ ತೆಗೆಯಿರಿ ಎಂದು ಕೇಳಿದವರಲ್ಲ!

ಜಾಲಹಳ್ಳಿಯ ಅವರ ಮನೆಯೆದುರು ಒಂದು ಟ್ರಾನ್ಸ್‌ಫಾರ್ಮರ್ ಇದೆ. ಪೀಣ್ಯಕ್ಕೆ ಕೆಲಸಕ್ಕೆ ಹೋಗುವವರು ಬೈಕು ನಿಲ್ಲಿಸದೆಯೇ ಅದರ ಬುಡಕ್ಕೆ ಕಸದ ಕವರು ಎಸೆದು ಹೋಗುತ್ತಾರೆ. ಮೂವತ್ತು ವರ್ಷ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂದಲೆಳೆಯಷ್ಟು ದೋಷವನ್ನೂ ಹಿಡಿದ ಅತ್ತೆ ಇದನ್ನು ಬಿಟ್ಟಾರೆಯೇ? ನಿವೃತ್ತರಾದವರೇ ಕ್ಯಾಮೆರಾ ಕೊಂಡರು. ಫೋಟೊ ತೋರಿಸಿದರೆ ಮನುಷ್ಯ ನಾಚುತ್ತಾನೆ ಎಂಬುದು ಅವರ ಸಿದ್ಧಾಂತ.

ಫೋಕಸ್ ಆಗುವಷ್ಟರಲ್ಲಿ ಬೈಕು ಮಾಯವಾಗುತ್ತಿತ್ತು. ನಾನು ಅದರಲ್ಲಿ ಮುಖ ಗುರುತಿಸುವ ಸೌಲಭ್ಯ ಹಾಕಿಕೊಟ್ಟೆ. ಅದು ಟ್ರಾನ್ಸ್‌ಫಾರ್ಮರಿನ ಹಿಂದೆ ಕಟ್ಟಿದ್ದ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿದ್ದ ಮುಖಂಡರನ್ನು ಹಿಡಿಯಿತು. ಬೈಕಿನವನು ಬರೀ ಹೊಗೆ. ಮುಖಂಡರ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ!

"ಇವರನ್ಯಾಕೋ ಹಿಡೀತು?"

"ಅಲ್ಲಾಡ್ದೆ ನಿಂತಿರೋರು ಅವರೊಬ್ರೇ ಅತ್ತೆ."

ಕೊನೆಗೆ, ಓಡುವುದನ್ನು ಬಿಡದೆ ಹಿಂಬಾಲಿಸುವ ಫೋಕಸ್ ಹಾಕಿ, ಗುಂಡಿ ಒತ್ತಿ ಹಿಡಿದರೆ ಸಾಲಾಗಿ ಫೋಟೊ ಬೀಳುವಂತೆ ಮಾಡಿದೆ. ಅತ್ತೆ ಒಂದು ವಾರ ಬೀದಿನಾಯಿಗಳ ಮೇಲೆ ಅಭ್ಯಾಸ ನಡೆಸಿದರು. ನಾಯಿಗಳು ಬೀದಿಯನ್ನೇ ಬದಲಾಯಿಸಿದವು.

ಮೊದಲು ಸಿಕ್ಕಿಬಿದ್ದವನು ಲೇತ್ ಕೆಲಸದವನೊಬ್ಬ. ಹನ್ನೊಂದು ಫೋಟೊ! ಕವರು ಗಾಳಿಯಲ್ಲಿ, ಅವನ ಮುಖದ ತುಂಬ ನಗು. ಮರುದಿನ ಅತ್ತೆ ಅವನನ್ನು ಅಡ್ಡಗಟ್ಟಿ ಕ್ಯಾಮೆರಾದಲ್ಲಿದ್ದ ಫೋಟೊ ತೋರಿಸಿದರು. ಅವನು ನಾಚಲಿಲ್ಲ.

"ಆಂಟಿ, ಸಕ್ಕತ್ತಾಗ್ ಬಂದಿದೀನಿ! ವಾಟ್ಸಾಪ್ ಮಾಡಿ, ಡಿಪಿ ಹಾಕ್ಕೋತೀನಿ."

ಸಿದ್ಧಾಂತಕ್ಕಾದ ಈ ಅವಮಾನವನ್ನು ಅತ್ತೆ ಸಹಿಸಲಿಲ್ಲ. ಕಳಿಸುವುದಿಲ್ಲ ಎಂದರು. ಅವನೂ ಬಿಡಲಿಲ್ಲ. ಕಸ ಎಸೆಯುವುದನ್ನು ನಿಲ್ಲಿಸಿದ, ಆದರೆ ದಿನಾ ಗೇಟಿನ ಮುಂದೆ ಬೈಕು ನಿಧಾನ ಮಾಡಿ "ಆಂಟಿ, ಫೋಟೊ?" ಎನ್ನುತ್ತಿದ್ದ. ಅತ್ತೆ ದಿನಾ ಮುಖ ತಿರುಗಿಸುತ್ತಿದ್ದರು, ಸರಿಯಾಗಿ ಆ ಹೊತ್ತಿಗೆ ಬಂದು ನಿಂತು!

ಆಮೇಲೆ ಅವನು ಬರುವುದು ನಿಂತುಹೋಯಿತು. ಒಂದು ಭಾನುವಾರ ನಾನು ಅಲ್ಲಿದ್ದಾಗ ಹೆಂಗಸೊಬ್ಬರು ಗೇಟು ತೆಗೆದು ಬಂದರು.

"ಫೋಟೊ ತೆಗೆಯೋ ಆಂಟಿ ನೀವೇ ಅಲ್ವಾ? ನಮ್ಮನೆಯವ್ರು ಹೇಳ್ತಿದ್ರು. ಅವ್ರು ಹೋಗ್ಬಿಟ್ರು ಆಂಟಿ. ಹಾರ್ಟ್ ಅಟ್ಯಾಕ್. ಫೋನಲ್ಲಿರೋ ಫೋಟೊದಲ್ಲೆಲ್ಲ ಬಿಗ್ಕೊಂಡು ನಿಂತಿದಾರೆ. ನಗ್ತಿರೋದು ನಿಮ್ಮತ್ರ ಒಂದಿದೆಯಂತೆ."

ಅತ್ತೆ ಆಕೆಯನ್ನು ಮೆಟ್ಟಿಲ ಮೇಲೆ ಕೂರಿಸಿದರು. ಆಮೇಲೆ, "ಫೋಟೊದಲ್ಲಿರೋ ಕಸದ ಕವರು ತೆಗೆಸ್ಬಿಟ್ಟು, ದೊಡ್ಡದು ಮಾಡಿಸ್ಕೊಡ್ತೀನಮ್ಮ" ಎಂದರು.

"ಬೇಡ ಆಂಟಿ, ಇರ್ಲಿ. ಅದನ್ನ ಗಂಟು ಹಾಕಿ ಕೈಗೆ ಕೊಟ್ಟೋಳು ನಾನೇ."

ಅತ್ತೆ ಒಳಗಿನಿಂದ ಕ್ಯಾಮೆರಾ ತಂದು ಆಕೆಯ ಪಕ್ಕ ಮೆಟ್ಟಿಲ ಮೇಲೆ ಕುಳಿತರು. ಪುಟ್ಟ ಪರದೆಯಲ್ಲಿ ಹನ್ನೊಂದು ಫೋಟೊಗಳನ್ನೂ ಒಂದರ ಹಿಂದೊಂದು ಬೇಗಬೇಗ ತಿರುಗಿಸಿದರು. ಅವನು ನಗುತ್ತಾ ಬಂದ, ಕೈ ಬೀಸಿದ, ಹೊರಟುಹೋದ.

"ಇನ್ನೊಂದ್ಸಲ" ಎಂದರು ಆಕೆ.