ನನ್ನ ಮಗನ ಭಾನುವಾರದ ಊಟದ ಕುರಿತು ವಾಸದ ಪರವಾನಗಿ ಕಚೇರಿಗೆ

ಮಾನ್ಯ ಕಡತ ಪರಿಶೀಲಕರೇ,

ಡೆನ್ಮಾರ್ಕಿನ ಹೆಲ್ಸಿಂಗೋರ್ ಬಂದರಿನಲ್ಲಿ ಮೂವತ್ತೊಂದು ವರ್ಷಗಳಿಂದ ಮೀನಿಗೆ ಹೊಗೆ ಕೊಟ್ಟು ಮಾರುತ್ತಿರುವ ಥೋರಾ ಮಾಡ್ಸೆನ್ ಎಂಬ ನನ್ನ ಗೌರವಪೂರ್ವಕ ವಂದನೆಗಳನ್ನು ಸ್ವೀಕರಿಸಬೇಕು. ತಮ್ಮ ಕುರ್ಚಿ ಬೆಚ್ಚಗಿದೆಯೆಂದೂ ಮೊಹರಿನ ಶಾಯಿ ಇನ್ನೂ ಒಣಗಿಲ್ಲವೆಂದೂ ನಂಬಿದ್ದೇನೆ.

ನನ್ನ ಮಗ ಎಸ್ಬೆನ್ ಘಾನಾ ದೇಶದ ಎಫುವಾಳನ್ನು ಮದುವೆಯಾಗಿ ತಮ್ಮ ಕಚೇರಿಯ ಬಾಗಿಲಿಗೆ ಬಂದಾಗ, ಹೆಂಡತಿಯನ್ನು ಇಲ್ಲಿಗೆ ಕರೆತರುವುದು ಡೆನ್ಮಾರ್ಕಿನವನಿಗೆ ಸುಲಭವಲ್ಲವೆಂದೂ, ಯುರೋಪಿನ ಬೇರೊಂದು ದೇಶದಲ್ಲಿ ನಿಜವಾಗಿ ಸಂಸಾರ ಹೂಡಿ ಮರಳಿದರೆ ಮಾತ್ರ ಯುರೋಪಿನ ಸಡಿಲ ನಿಯಮ ಸಿಗುವುದೆಂದೂ ತಾವು ತಿಳಿಸಿದಿರಿ. ನಮ್ಮ ಪಕ್ಕದ ಮನೆಯ ಪೋರ್ಚುಗಲ್ಲಿನ ಬಡಗಿ ತನ್ನ ಬ್ರೆಜಿಲ್ ಹೆಂಡತಿಯನ್ನು ಒಂದೇ ಬೇಸಿಗೆಯಲ್ಲಿ ಕರೆಸಿಕೊಂಡ; ಯುರೋಪಿನ ಬೇರೆ ದೇಶದಿಂದ ಬಂದವನಾದ್ದರಿಂದ ಅವನಿಗೆ ಆ ಸಡಿಲ ನಿಯಮ ತಾನಾಗಿಯೇ ಸಿಕ್ಕಿತು. ಎಸ್ಬೆನ್ ಮಾಡಿದ ತಪ್ಪೆಂದರೆ ಇದೇ ಊರಿನಲ್ಲಿ ಹುಟ್ಟಿದ್ದು. ಅದರಲ್ಲಿ ನನ್ನ ಪಾಲೂ ಇರುವುದರಿಂದ ಕ್ಷಮೆ ಕೋರುತ್ತೇನೆ.

ಇಬ್ಬರೂ ಹಡಗಿನಲ್ಲಿ ಇಪ್ಪತ್ತು ನಿಮಿಷದ ನೀರು ದಾಟಿ ಸ್ವೀಡನ್ನಿನಲ್ಲಿ ಮನೆ ಹಿಡಿದು, ಅಲ್ಲೇ ದುಡಿದು ಹದಿನಾಲ್ಕು ತಿಂಗಳು ಕಳೆದರು. ಮರಳುವ ಅರ್ಜಿಯೊಡನೆ ಬಂಧುಗಳ ಪತ್ರ ಬೇಕೆಂದಾಗ ನಾನೇ ಬರೆದೆ: ಮಗ ಒಂದು ಭಾನುವಾರವೂ ತಪ್ಪದೆ ಹೆಂಡತಿಯೊಡನೆ ಬಂದು ನನ್ನ ಮೇಜಿನಲ್ಲಿ ಉಂಡು, ನಾನು ಒಗೆದಿಟ್ಟ ಅಂಗಿಗಳನ್ನು ಒಯ್ಯುತ್ತಾನೆ ಎಂದು, ಹೆಮ್ಮೆಯಿಂದ, ದುಂಡಗಿನ ಅಕ್ಷರದಲ್ಲಿ. ತಾವು ಅದನ್ನೇ ಎತ್ತಿ ತೋರಿಸಿ, ಹೀಗೆ ಉಣ್ಣುವವನು ಸ್ವೀಡನ್ನಿನಲ್ಲಿ ನಿಜವಾಗಿ ನೆಲೆಸಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿದಿರಿ. ನಾನು ಹುರಿಯುವ ಹಂದಿಮಾಂಸಕ್ಕೆ ಇಷ್ಟು ಕಾನೂನುಬಲವಿದೆಯೆಂದು ಇದುವರೆಗೆ ಯಾರೂ ಹೊಗಳಿರಲಿಲ್ಲ.

"ಅಮ್ಮಾ, ಅಂಗಿ ವಿಷ್ಯ ಯಾಕಮ್ಮ ಬರೆಯೋಕೆ ಹೋದೆ?" ಎಂದು ಎಸ್ಬೆನ್ ಹಣೆ ಚಚ್ಚಿಕೊಂಡ. "ಅತ್ತೆ ಸುಳ್ಳೇನೂ ಬರೆದಿಲ್ವಲ್ಲ. ನಿಂಗೆ ಬಟ್ಟೆ ಒಗೆಯೋಕೆ ಬರಲ್ಲ ಅಂತ ಈಗ ಸರ್ಕಾರಕ್ಕೂ ಗೊತ್ತಾಯ್ತು, ಬಿಡು," ಎಂದು ಎಫುವಾ ನಕ್ಕಳು. ಅವಳಿಗೆ ಏಪ್ರಿಲ್‌ನಲ್ಲಿ ಹೆರಿಗೆ. ಮಗು ಈ ಮನೆಯಲ್ಲೇ ಬೆಳೆಯಬೇಕು, ನನ್ನ ಮೀನಿನ ಹೊಗೆಗೂಡು ಎಫುವಾಳ ಕೈಗೆ ಹೋಗಬೇಕು. ಇಷ್ಟೇ ನನ್ನ ಆಸೆ. ಅವಳ ತವರಿನಲ್ಲೂ ಇದೇ ಕಸುಬು, ಅವಳು ಹೊಗೆ ಕೊಟ್ಟ ಬಂಗುಡೆ ನನ್ನದಕ್ಕಿಂತ ರುಚಿ. ಈ ಮಾತು ನಮ್ಮಿಬ್ಬರ ನಡುವೆಯೇ ಇರಲಿ.

ತಮ್ಮ ತೀರ್ಪಿಗೆ ತಲೆಬಾಗಿ ಮಗನಿಗೆ ನನ್ನ ಮೇಜನ್ನು ನಿಷೇಧಿಸಿದ್ದೇನೆ. ದಯವಿಟ್ಟು ಪ್ರತಿ ಭಾನುವಾರ ಒಬ್ಬರು ನೌಕರರನ್ನು ಕಳಿಸಿ, ಅವನ ಕುರ್ಚಿ ಖಾಲಿಯಿರುವುದನ್ನು ದೃಢೀಕರಿಸಿಕೊಳ್ಳಿ. ಇಲ್ಲವೇ ಎಸ್ಬೆನ್‌ನನ್ನು ಪೋರ್ಚುಗಲ್ಲಿನವನೆಂದು ಘೋಷಿಸಿಬಿಡಿ, ಹೆತ್ತವಳಾಗಿ ನನ್ನ ಆಕ್ಷೇಪವಿಲ್ಲ. ಬರುವ ನೌಕರರು ಬುತ್ತಿ ಕಟ್ಟಿಕೊಂಡು ಬರಲಿ, ಏಕೆಂದರೆ ನಾನು ಮನೆಯಲ್ಲಿರುವುದಿಲ್ಲ. ಆರು ವಾರಗಳಿಂದ ಭಾನುವಾರಗಳಂದು ಹಡಗು ಹತ್ತಿ ಹೋಗಿ, ಆಚೆ ದಡದಲ್ಲಿ ಸೊಸೆ ಮಾಡಿದ ಕಡಲೆಕಾಯಿ ಸಾರು ಉಣ್ಣುತ್ತಿದ್ದೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಥೋರಾ ಮಾಡ್ಸೆನ್

ಮರೆತ ಮಾತು: ಉಣ್ಣುವ ಮೇಜಿನಿಂದಲೇ ವಾಸ ತೀರ್ಮಾನವಾಗುವುದಾದರೆ, ನಾನೀಗ ಸ್ವೀಡನ್ನಿನಲ್ಲಿ ನಿಜವಾಗಿ ನೆಲೆಸಿದವಳು, ಕುಟುಂಬ ಸಮೇತ ತಾಯ್ನಾಡಿಗೆ ಮರಳಲು ಅರ್ಹಳು. ನನ್ನೊಡನೆ ಬರುವವರು ಒಬ್ಬ ಮಗ, ಒಬ್ಬ ಸೊಸೆ, ಹುಟ್ಟಲಿರುವ ಒಂದು ಮಗು. ಅರ್ಜಿ ಲಗತ್ತಿಸಿದ್ದೇನೆ. ಅತ್ತೆ ಒಂದು ಭಾನುವಾರವೂ ಊಟ ತಪ್ಪಿಸಿಲ್ಲವೆಂಬ ಬಂಧುಗಳ ಪತ್ರವನ್ನು ಈ ಸಲ ಎಫುವಾ ಬರೆದಿದ್ದಾಳೆ.