ರಂಗೋಲಿಗಿಂತ ಮೊದಲು ಬರುವವನು

ತನ್ನ ಸ್ವಭಾವವನ್ನು ತಾನು ಅರಿತವನು ಬದುಕಿನಲ್ಲಿ ಮುಂದೆ ಬರುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ನನ್ನ ತೊಂದರೆಯೆಂದರೆ, ಅರಿಯುವ ಮೊದಲೇ ನಾನು ಬಂದುಬಿಟ್ಟಿರುತ್ತೇನೆ. ಹತ್ತಕ್ಕೆ ಕರೆದರೆ ಎಂಟಕ್ಕೆ ಹೋಗುವ ಮನುಷ್ಯ ನಾನು. ಮದುವೆ, ತೊಟ್ಟಿಲು, ಗೃಹಪ್ರವೇಶ, ಯಾವುದೇ ಇರಲಿ, ಅವರು ರಂಗೋಲಿ ಹಾಕುವ ಮೊದಲೇ ಅಂಗಳದಲ್ಲಿ ನನ್ನ ಚಪ್ಪಲಿಗಳು ಬಿದ್ದಿರುತ್ತವೆ. ಹೊಂಬಳದ ಗೆಳೆಯನೊಬ್ಬನ ಗೃಹಪ್ರವೇಶಕ್ಕೆ ಹೋದಾಗ ಅವನು ಹಲ್ಲುಜ್ಜುತ್ತಲೇ ಬಾಗಿಲು ತೆರೆದ. ಬಾಯಿ ತುಂಬ ನೊರೆ ಇದ್ದುದರಿಂದ ಏನೆಂದನೋ ತಿಳಿಯಲಿಲ್ಲ. ಸ್ವಾಗತವೆಂದೇ ಭಾವಿಸಿ ಒಳಗೆ ಹೋದೆ. ಮಕ್ಕಳು ಚಿಕ್ಕವರಿದ್ದಾಗ ಬಿಂಕದಕಟ್ಟಿಯ ಮೃಗಾಲಯ ತೋರಿಸಲು ಕರೆದೊಯ್ದು, ಗೇಟು ತೆರೆಯುವ ತನಕ ಹೊರಗೆ ಕೂರಿಸಿ, ಕಟ್ಟಿಕೊಂಡು ಹೋದ ಅವಲಕ್ಕಿಯನ್ನೆಲ್ಲ ಅಲ್ಲೇ ತಿನ್ನಿಸಿದೆ. ಗೇಟು ತೆರೆಯುವ ಹೊತ್ತಿಗೆ ಮಕ್ಕಳಿಗೆ ಗಾಢ ನಿದ್ದೆ. ಒಂದು ಹೆಗಲ ಮೇಲೆ ಒಂದು, ಇನ್ನೊಂದು ಹೆಗಲ ಮೇಲೆ ಇನ್ನೊಂದು, ಹುಲಿಯನ್ನು ನಾನೊಬ್ಬನೇ ನೋಡಿ ಬಂದೆ.

“ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾಯಿ ಹೊಲಿಸೋ ಪೈಕಿ ನೀವು,” ಎನ್ನುತ್ತಾಳೆ ನನ್ನ ಹೆಂಡತಿ ಸುಮಿತ್ರಾ. ಅವಳ ಸಂಕಟ ನನಗೆ ಗೊತ್ತು. ಬೇಗ ಹೋದವರನ್ನು ನಮ್ಮ ಕಡೆ ಯಾರೂ ಸುಮ್ಮನೆ ಕೂಡಿಸುವುದಿಲ್ಲ. ಬರ್ರಿ ಬರ್ರಿ, ಛಲೋ ಆತು ಬಂದ್ರಿ ಎನ್ನುತ್ತಲೇ ಜಮಖಾನೆಯ ಒಂದು ತುದಿಯನ್ನು ಕೈಗೆ ಕೊಡುತ್ತಾರೆ. ಬೆಟಗೇರಿಯ ನಮ್ಮ ಮನೆಯಿಂದ ರೇಷ್ಮೆ ಸೀರೆ ಉಟ್ಟು ಹೊರಟವಳು ಪರರ ಹಿತ್ತಲಲ್ಲಿ ಉಳ್ಳಾಗಡ್ಡಿ ಹೆಚ್ಚಿದ ಸಂದರ್ಭಗಳು ಲೆಕ್ಕವಿಲ್ಲದಷ್ಟು. ಕಣ್ಣೀರು ಉಳ್ಳಾಗಡ್ಡಿಯದೋ ನನ್ನ ಪುಣ್ಯದ್ದೋ, ನಾನು ಎಂದೂ ಕೇಳಿಲ್ಲ.

ಹೀಗಿರುವಾಗ ನಮ್ಮ ಆಫೀಸಿನಲ್ಲಿ ವ್ಯಕ್ತಿತ್ವ ವಿಕಸನದ ತರಬೇತಿ ಇಟ್ಟರು. ತರಬೇತಿ ಕೊಡುವವರು ಹುಬ್ಬಳ್ಳಿಯಿಂದ ಒಂದು ತಾಸು ತಡವಾಗಿ ಬಂದರು. ಅಷ್ಟರಲ್ಲಿ ನಾನು ಆಫೀಸಿನ ಸಿಪಾಯಿಯ ಜೊತೆ ಸೇರಿ ಕುರ್ಚಿ ಹಾಕಿ, ಮೈಕಿನಲ್ಲಿ ಹಲೋ ಹಲೋ ಎಂದು ಇಡೀ ಓಣಿಗೆ ಕೇಳುವಂತೆ ಪರೀಕ್ಷೆಯನ್ನೂ ಮುಗಿಸಿದ್ದೆ. ಪ್ರತಿಯೊಬ್ಬರೂ ತಮ್ಮ ಸ್ವಭಾವದ ಮುಖ್ಯ ಲಕ್ಷಣ ಹೇಳಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ, “ಸರ್, ಇವರು ನಾಳಿನ ಕೆಲಸಕ್ಕ ಇವತ್ತ ಬರ್ತಾರ್ರೀ!” ಎಂದು ಕೂಗಿದರು. ಸಭೆ ಗೊಳ್ಳೆಂದು ನಕ್ಕಿತು. ತರಬೇತಿಯ ಮಹಾಶಯರು ಮಾತ್ರ ನಗಲಿಲ್ಲ. “ನಿಮ್ಮೊಳಗಿನ ಧಾವಂತವೇ ನಿಮ್ಮ ವೈರಿ. ಗುರುತಿಸಿದಿರಿ, ಅರ್ಧ ಗೆದ್ದಿರಿ. ಇನ್ನು ಬಿಟ್ಟುಬಿಡಿ, ಪೂರ್ತಿ ಗೆಲ್ಲುತ್ತೀರಿ,” ಎಂದು ನನ್ನ ಭುಜ ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಐವತ್ತು ದಾಟಿದ ಮೇಲೆ ಚಪ್ಪಾಳೆ ಯಾರಿಗೆ ಬೇಡ? ಅಲ್ಲೇ ನಿಶ್ಚಯಿಸಿದೆ: ಇನ್ನು ಮುಂದೆ ಹೇಳಿದ ವೇಳೆಗೇ ಹೋಗುವುದು.

ಆ ನಿಶ್ಚಯವನ್ನು ಮೊದಲು ಪ್ರಯೋಗಿಸಲು ನನಗೆ ಸಿಕ್ಕಿದ್ದು, ನೋಡಿ, ಅಕ್ಕನ ಮಗಳ ನಿಶ್ಚಯ! ಮುಂಡರಗಿಯ ನನ್ನ ಅಕ್ಕ ಶಾಂತಾಳಿಗೆ ಒಬ್ಬಳೇ ಮಗಳು, ವಿದ್ಯಾ. ಬಂಗಾರದಂಥ ಹುಡುಗಿ. ಆದರೆ ಎರಡು ಸಂಬಂಧಗಳು ಹೊಸ್ತಿಲತನಕ ಬಂದು ತಿರುಗಿ ಹೋಗಿದ್ದವು. ಈಗ ಬಂದ ಲಕ್ಷ್ಮೇಶ್ವರದ ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಅಜ್ಜಿಯದು. ಗುರುವಾರ ಹನ್ನೊಂದಕ್ಕೆ ಬರುತ್ತೇವೆ, ಒಂದೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹುಡುಗಿಯ ಉಡಿ ತುಂಬಬೇಕು, ಇಲ್ಲದಿದ್ದರೆ ಮುಂದಿನ ಮಾತಿಲ್ಲ ಎಂದು ಅಜ್ಜಿ ಖಡಾಖಂಡಿತ ಹೇಳಿ ಕಳುಹಿಸಿದ್ದರು.

ಗುರುವಾರ ಬೆಳಗ್ಗೆ ನಾನು ಎದ್ದು, ಸ್ನಾನ ಮಾಡಿ, ಪೇಪರು ಹಿಡಿದು ಕುಳಿತೆ. ಒಂದೇ ಸುದ್ದಿಯನ್ನು ಎಷ್ಟು ಸಲ ಓದಿದೆನೋ! ಕಾಲುಗಳು ತಾವೇ ಬಾಗಿಲ ಕಡೆ ಹೋಗುತ್ತಿದ್ದವು, ಎಳೆದು ತಂದು ಕೂಡಿಸುತ್ತಿದ್ದೆ. ಸುಮಿತ್ರಾ ಎರಡು ಸಲ ಹಣೆ ಮುಟ್ಟಿ ನೋಡಿದಳು. “ರೀ, ಆರಾಮ ಅದೀರಿಲ್ಲೋ? ದವಾಖಾನಿಗೆ ಹೋಗೂಣೇನು?” ಎಂದಳು. ನಾನು ಗೆದ್ದವನಂತೆ ನಕ್ಕೆ.

ಮುಂಡರಗಿಯಲ್ಲಿ ನಾವು ಆಟೋ ಇಳಿಯುವುದಕ್ಕೂ, ಲಕ್ಷ್ಮೇಶ್ವರದವರ ಕ್ರೂಸರ್ ಗಾಡಿ ಓಣಿಯ ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅಕ್ಕನ ಅಂಗಳ ನೋಡುತ್ತೇನೆ, ಕಸ ಹೊಡೆದಿಲ್ಲ. ರಂಗೋಲಿಯ ಸುಳಿವಿಲ್ಲ. ಪಡಸಾಲೆಯಲ್ಲಿ ಭಾವ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಹಿಡಿದಿದ್ದರು. ಅಕ್ಕ ಹೋಳಿಗೆಯ ಕಣಕ ಕಲೆಸುತ್ತ ಕುಳಿತಿದ್ದಳು. ನನ್ನನ್ನು ಕಂಡು ಹಿಗ್ಗಿ, “ಅಯ್ಯ, ಬಂದ್ಯಾ ತಮ್ಮಾ! ಕುಂಡ್ರು, ಚಾ ಕುಡಿ. ಇನ್ನೂ ಭಾಳ ಸಾವಕಾಶ ಐತಿ,” ಎಂದಳು.

“ಸಾವಕಾಶ ಎಲ್ಲೈತಿ ಅಕ್ಕಾ! ಬೀಗರು ಓಣ್ಯಾಗ ಬಂದಾರ!”

“ಹೆಂಗ ಬರ್ತಾರ? ನೀ ಈಗರೆ ಬಂದಿ!”

ನಿಂತಲ್ಲೇ ನಾನು ತಣ್ಣಗಾದೆ. ಆ ಮನೆಯಲ್ಲಿ ಗಡಿಯಾರವಿದೆ, ತಲೆಗೊಂದು ಮೊಬೈಲಿದೆ. ಆದರೂ ಶುಭಕಾರ್ಯದ ದಿನ ಅವರು ಹೊತ್ತು ನೋಡುವುದು ನನ್ನನ್ನು ಕಂಡು. ತಮ್ಮ ಬಂದನೆಂದರೆ ಇನ್ನೂ ಎರಡು ತಾಸು ಉಂಟು, ಈಗ ಏಳೋಣ ಎಂಬುದು ವರ್ಷಾನುಗಟ್ಟಲೆಯಿಂದ ನಡೆದು ಬಂದ ರೂಢಿ. ನಾನು ಬರಲಿಲ್ಲ, ಅವರು ಏಳಲಿಲ್ಲ.

ಅಷ್ಟರಲ್ಲಿ ಅಜ್ಜಿ ಗಾಡಿ ಇಳಿದರು. ಅಂಗಳ ನೋಡಿದರು, ಭಾವನ ಅರ್ಧ ಮುಖ ನೋಡಿದರು. “ನಾವು ದಿನಾ ತಪ್ಪಿ ಬಂದೇವೇನು?” ಎಂದರು. ಒಳಬಾಗಿಲಲ್ಲಿ ಒದ್ದೆ ಕೂದಲಿನ ವಿದ್ಯಾ ಕಂಬ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನಾನು ಅಜ್ಜಿಯ ಮುಂದೆ ಹೋಗಿ ಕೈಮುಗಿದೆ.

“ಇಲ್ರೀ ಅಮ್ಮಾರ, ನೀವು ಸರಿಯಾಗೇ ಬಂದೀರಿ. ತಪ್ಪು ನಂದು, ನಾ ತಡಾ ಮಾಡಿ ಬಂದೆ,” ಎಂದೆ.

“ನೀವ್ಯಾರು?”

“ಹುಡುಗಿ ಸೋದರಮಾವ.”

“ನೀವು ಬರೂತನಕ ಈ ಮನ್ಯಾಗ ಒಲಿ ಹತ್ತೂದಿಲ್ಲೇನು?”

ಖರೆ ಹೇಳಬೇಕೆಂದರೆ, ಹತ್ತುವುದಿಲ್ಲ. ಅದನ್ನು ಹೇಳುವ ಸಮಯ ಅದಾಗಿರಲಿಲ್ಲ. ಅವರನ್ನೆಲ್ಲ ಪಕ್ಕದ ಮನೆಯ ಪಡಸಾಲೆಯಲ್ಲಿ ಕೂಡಿಸಿ, ಬಿಸಿ ಮಿರ್ಚಿ ಭಜಿ, ಚಹಾ ತರಿಸಿಕೊಟ್ಟೆ. ಆಮೇಲೆ, ಬಿಟ್ಟುಬಿಡಿ ಎಂದು ಹೇಳಿಸಿಕೊಂಡಿದ್ದ ನನ್ನ ಧಾವಂತವನ್ನು ಅಷ್ಟೂ ಬಿಚ್ಚಿದೆ. ಸುಮಿತ್ರಾಳಿಗೆ ರಂಗೋಲಿ ಒಪ್ಪಿಸಿ, ಭಾವನ ಉಳಿದರ್ಧ ಮುಖಕ್ಕೆ ಹೊತ್ತು ಗೊತ್ತು ಮಾಡಿ, ಕಸಬರಿಗೆ ನಾನೇ ಹಿಡಿದೆ. ಜಮಖಾನೆಯ ಎರಡೂ ತುದಿ ಒಬ್ಬನೇ ಎಳೆದೆ. ಹೂವಿಗೆ ಓಡಿದೆ, ತೆಂಗಿನಕಾಯಿಗೆ ಓಡಿದೆ, ಓಣಿಯ ಹೆಣ್ಣುಮಕ್ಕಳನ್ನು ಹೋಳಿಗೆ ಲಟ್ಟಿಸಲು ಕರೆತಂದೆ. ರಾಹುಕಾಲಕ್ಕೆ ಇನ್ನೂ ಹೊತ್ತಿರುವಾಗಲೇ ವಿದ್ಯಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು, ಅಜ್ಜಿ ತಮ್ಮ ಕೈಯಾರೆ ಉಡಿ ತುಂಬಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಂಡದ್ದು ಬೆವರು, ಹೆಚ್ಚಿನಂಶ.

ಊಟವಾದ ಮೇಲೆ ಅಜ್ಜಿ ಭಾವನನ್ನು ಕರೆದರು. “ಮದುವಿ ನಮ್ಮೂರಾಗ ಆಗಲಿ. ಈ ಸೋದರಮಾವನ್ನ ಮಾತ್ರ ನಾಕು ದಿನ ಮೊದಲ ಕಳಸ್ರಿ. ನಮ್ಮ ಮನ್ಯಾಗೂ ಕುಂತ ಜನಾನ ಭಾಳ ಅದಾರ,” ಎಂದರು.

ಗದಗಿನ ಬಸ್ಸಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. “ನೋಡಿದೇನ? ಇದು ವೈರಿ ಅಲ್ಲ, ಇದ ನನ್ನ ಬಂಡವಾಳ,” ಎಂದೆ. ಸುಮಿತ್ರಾ ಕಿಟಕಿಯ ಹೊರಗೆ ನೋಡುತ್ತಲೇ, “ನಿಮಗ ಅವಸರಾ ಅಲ್ಲರೀ ಇರೂದು. ನೀವು ಇಲ್ದ ಯಾವ ಕೆಲಸಾನೂ ಆಗಬಾರದು, ಅಷ್ಟ. ಮುಂಜಾನೆ ಆ ಅಂಗಳ ಕಸಾ ಬಿದ್ದದ್ದು ನೋಡಿ ಎಲ್ಲಾರಿಗೂ ಎದಿ ಧಸಕ್ ಅಂತು. ನಿಮ್ಮ ಮುಖ ಮಾತ್ರ ಒಂದ ಕ್ಷಣ ಅರಳ್ತು. ನಾ ನೋಡೀನಿ,” ಎಂದಳು.

ಇಷ್ಟು ವರ್ಷ ಸಂಸಾರ ಮಾಡಿದವಳ ಮುಂದೆ ಹುಬ್ಬಳ್ಳಿಯ ತರಬೇತಿ ಯಾವ ಗಿಡದ ತಪ್ಪಲು! ನನಗೆ ನಾಚಿಕೆಯಾಯಿತು. ಅರಳಿದ್ದು ನಿಜ. ಮೆಲ್ಲಗೆ ಕೇಳಿದೆ: “ಹಂಗಾರ ನಾ ಹೋಗದಿದ್ರ ಈ ಮದುವಿ ಆಗ್ತೈತೇನು?”

“ಯಾಕಾಗಂಗಿಲ್ಲ? ಭೇಷ್ ಆಗ್ತೈತಿ.” ಆಮೇಲೆ ಅವಳು ನನ್ನ ಕಡೆ ತಿರುಗಿ ನಕ್ಕಳು. “ನೀವು ಇದ್ರ ಇನ್ನೂ ಚಂದ ಆಗ್ತೈತಿ.”

ಆ ಉತ್ತರದ ಮೊದಲ ಭಾಗವನ್ನು ನಾನು ಸಮಾಧಾನದಿಂದ ಮನನ ಮಾಡಬೇಕಿತ್ತು, ಆತ್ಮವಿಕಾಸಕ್ಕೆ ಅದೇ ಬೇಕಾದದ್ದು. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಎರಡನೆಯದು. ಮನೆ ಸೇರಿದವನೇ ಅಟ್ಟದಿಂದ ದೊಡ್ಡ ಚೀಲ ಇಳಿಸಿ, ಧೂಳು ಜಾಡಿಸಿ, ಎರಡು ಧೋತರ ಮಡಚಿ ಇಟ್ಟೆ. ಮದುವೆಗೆ ಇನ್ನೂ ಎರಡು ತಿಂಗಳಿದೆ.