ಗಂಟೆಯ ಹಗ್ಗ

ಸಂಜೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ದೇವರ ಕೋಣೆಯಲ್ಲಿ ದೀಪ ಹಚ್ಚಿ, ಕಣ್ಣು ಮುಚ್ಚುವುದೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದೆ.

ಇದು ನಾಸ್ತಿಕನ ಸಂಕಟವಲ್ಲ. ಸಕ್ಕರೆ ಕಾಯಿಲೆಯಿಂದ ನನ್ನ ಪಾದಗಳ ನರಗಳು ಕೆಟ್ಟಿವೆ. ನೆಲ ಎಲ್ಲಿದೆ ಎಂಬ ಸುದ್ದಿ ಕಳಿಸುವುದನ್ನು ಪಾದಗಳು ನಿಲ್ಲಿಸಿ ಎರಡು ವರ್ಷವಾಯಿತು (ದೂರದ ನೆಂಟರೂ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾರೆ). ಕುಮಟೆಯ ಮೀನು ಪೇಟೆಯಲ್ಲಿ ಕಳಚಿ ಉಳಿದ ಚಪ್ಪಲಿ ನನಗೆ ನೆನಪಾಗುವುದು ಮನೆಯ ಮೆಟ್ಟಿಲ ಮೇಲೆ. ಕಣ್ಣು ತೆರೆದಿರುವಷ್ಟು ಹೊತ್ತು ನಾನು ನೇರ. ಮುಚ್ಚಿದರೆ ಕಡಿದ ಬಾಳೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗುರುತ್ವಾಕರ್ಷಣೆಯ ಪಾಠ ಮಾಡಿದ್ದಕ್ಕೆ ಅದು ಸಲ್ಲಿಸುತ್ತಿರುವ ಗುರುದಕ್ಷಿಣೆ!

ಬಿದ್ದದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ತಾರೀಕು, ಸ್ಥಳ, ದಿಕ್ಕು. ಒಟ್ಟು ಹನ್ನೊಂದು. ಆದರೆ ಹೆಂಡತಿ ಗಾಯತ್ರಿಯ ಎದುರು ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆ. ಕಾಯ್ಕಿಣಿಯಲ್ಲಿರುವ ಅವಳ ತಂಗಿ ಸುಪ್ರಿಯಾಗೆ ಆಪರೇಶನ್ ಆಗಿತ್ತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನಿಜ ತಿಳಿದರೆ ಇವಳು ಹೊಸಿಲು ದಾಟುತ್ತಿರಲಿಲ್ಲ.

ಅವಳು ಅಲ್ಲಿಗೆ ಹೋಗಿ ಒಂಬತ್ತು ದಿನ. ಈಗ ಕುಕ್ಕರ್ ಕೂಗಿದರೂ "ಬಂದೆ" ಎನ್ನುತ್ತೇನೆ. ಒಬ್ಬನಿಗೆ ಇಷ್ಟೇ ಅಕ್ಕಿ ಎಂಬ ನನ್ನ ಲೆಕ್ಕ ಸರಿಯಾಗಿಯೇ ಇದೆ, ಅನ್ನವೇ ಮುಗಿಯುವುದಿಲ್ಲ.

ಗಾಯತ್ರಿಯ ದಿನದ ಫೋನ್ ಬಂತು. ಸ್ಪೀಕರ್ ಹಾಕಿ ದೇವರ ಪಕ್ಕ ಇಟ್ಟೆ.

"ದೀಪ ಇಟ್ರ್ಯಾ?"

"ಇಟ್ಟಾತು."

"ಹಂಗೇ ಕೈ ಮುಗೀರಿ. ಸುಪ್ರಿಯಾ ಬೇಗ ಗುಣ ಆಗ್ಲಿ ಅಂತ ಬೇಡ್ಕಳಿ."

ಅವಳು ಬೇಗ ಗುಣವಾಗುವುದೆಂದರೆ ಇವಳು ಬೇಗ ಬರುವುದು. ಇಂಥ ಸ್ವಾರ್ಥದ ಅರ್ಜಿಯನ್ನು ದೇವರ ಮುಖ ನೋಡುತ್ತ ಸಲ್ಲಿಸುವುದು ಹೇಗೆ? ಕಣ್ಣು ಮುಚ್ಚಿದೆ.

ಎರಡೇ ಸೆಕೆಂಡು. ಕೋಣೆ ವಾಲಿತು. ಕೈಗೆ ಸಿಕ್ಕಿದ್ದು ಗಂಟೆಯ ಹಗ್ಗ. (ಹೊರಡುವ ಮುನ್ನ ಗಾಯತ್ರಿ ಗಂಟೆಗೆ ಬಾವಿಯ ದಪ್ಪ ಹಗ್ಗ ಕಟ್ಟಿದ್ದಳು. "ದೇವರನ್ನ ಸೇದ್ತೀಯಾ?" ಎಂದು ನಾನು ನಕ್ಕಿದ್ದೆ.) ಅದನ್ನೇ ಹಿಡಿದು ಜೋತಾಡುತ್ತ ನಿಧಾನವಾಗಿ ನೆಲಕ್ಕೆ ಇಳಿದೆ. ಗಂಟೆ ಮಾತ್ರ ಕೇರಿಗೆಲ್ಲ ಸಾರಿತು.

"ಎಂತ ಅದು, ಅಷ್ಟು ಹೊತ್ತು ಗಂಟೆ?"

"ಭಕ್ತಿ ಸ್ವಲ್ಪ ಜಾಸ್ತಿ ಆತು," ಎಂದೆ, ನೆಲದ ಮೇಲಿಂದ.

ಅಷ್ಟರಲ್ಲಿ ಪಕ್ಕದ ಮನೆಯ ಹೊನ್ನಮ್ಮ ಹಿತ್ತಲ ಬಾಗಿಲಿನಿಂದ ಓಡಿ ಬಂದಳು. ನನ್ನನ್ನು ಕಂಡವಳೇ ಫೋನಿನತ್ತ ಕೂಗಿದಳು: "ಗಾಯತ್ರಕ್ಕಾ, ಬಿದ್ರು! ಮೂರು ಸಲಕ್ಕಿಂತ ಜಾಸ್ತಿ ಗಂಟೆ ಹೊಡೆದ್ರೆ ಪೂಜೆ ಅಲ್ಲ ಅಂತ ನೀವು ಹೇಳಿದ್ದು ಖರೆ!"

"ಪೆಟ್ಟಾತನೇ? ಕಾಲು ಸರಿ ನೋಡು, ಅವ್ರಿಗೆ ನೋವು ಗೊತ್ತಾಗೂದಿಲ್ಲ."

"ನೋಡ್ದೆ, ಎಲ್ಲೂ ಗಾಯ ಇಲ್ಲ. ಪೆಟ್ಟು ಮಾಸ್ತರ್ರ ಮರ್ಯಾದಿಗೆ ಮಾತ್ರ."

ಹೊನ್ನಮ್ಮನ ಭುಜ ಹಿಡಿದು ಎದ್ದೆ. "ಗಾಯತ್ರಿ, ನಿಂಗೆ ಗೊತ್ತಿತ್ತಾ?"

"ಕ್ಯಾಲೆಂಡರಲ್ಲಿ ಕುಂಕುಮದ ಚುಕ್ಕಿ ಉಂಟಲ್ಲ, ಎಣಿಸಿ."

ಅವು ಅವಳ ಉಪವಾಸದ ದಿನಗಳೆಂದು ತಿಳಿದಿದ್ದೆ. ಎಣಿಸಿದೆ. ಹದಿಮೂರು.

"ತಪ್ಪು. ನನ್ನ ದಾಖಲೆಯಲ್ಲಿ ಹನ್ನೊಂದು."

"ಎರಡು ಸಲ 'ಬಿದ್ದಿಲ್ಲ, ಕೂತ್ಕಂಡೆ' ಅಂದ್ರಲ್ಲ, ಅದನ್ನೂ ಸೇರ್ಸಿ. ಬಸ್‌ಸ್ಟ್ಯಾಂಡಿನ ನಡೂ ಮಧ್ಯ ಯಾರಾದ್ರೂ ಕೂತ್ಕಳ್ತಾರಾ?"

"ಗೊತ್ತಿದ್ದೂ ಎಂತಕ್ಕೆ ಹೋದೆ?"

"ಸುಳ್ಳು ಹೇಳಿ ರೂಢಿ ಇಲ್ಲದ ಮನುಷ್ಯ, ನನ್ನ ತಂಗಿಗೋಸ್ಕರ ಹೇಳಿದ್ರಿ. ಅದನ್ನ ಹಾಳು ಮಾಡ್ಲಾ?"

ಹೊನ್ನಮ್ಮ ಹೋದ ಮೇಲೆ ಗೋಡೆ ಹಿಡಿದು ಹೋಗಿ ಕ್ಯಾಲೆಂಡರಿನಲ್ಲಿ ಹದಿನಾಲ್ಕನೆಯ ಚುಕ್ಕೆ ಇಟ್ಟೆ. ಅದೇ ಮೊಳೆಗೆ ಡಾಕ್ಟರ ಚೀಟಿಯನ್ನು ಗಾಯತ್ರಿ ಸಿಕ್ಕಿಸಿ ಹೋಗಿದ್ದಳು. ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದಿರಿ ಎಂಬ ಪ್ರಶ್ನೆಗೆ ನಾನು ಎದೆಯುಬ್ಬಿಸಿ, ಹೊರಗಿನ ಬೆಂಚಿಗೂ ಕೇಳುವಂತೆ ಕೊಟ್ಟ ಉತ್ತರವನ್ನು ಅವರು ಹಾಗೆಯೇ ಬರೆದಿದ್ದರು: ಸೊನ್ನೆ.